ಮುಖ ಅದೇ, ಒಳಗಿರುವವರು ಬೇರೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಸಿನಿಮಾ ಪುರವಣಿಯಲ್ಲಿ ಈಚೆಗೆ ಪ್ರಕಟವಾದ, ಹಳೆಯ ವೈಜ್ಞಾನಿಕ ಭೀತಿಯ ಚಿತ್ರಗಳನ್ನು ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಕಡಿಮೆ ಹಣದಲ್ಲಿ ತಯಾರಾದ ಅಂಥ ಚಿತ್ರಗಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ, ರಬ್ಬರಿನ ಮುಖವಾಡಗಳು, ದಾರಕ್ಕೆ ಕಟ್ಟಿದ ಹಾರುವ ತಟ್ಟೆಗಳು, ರಟ್ಟಿನ ಗ್ರಹಗಳು ಇಂದಿನ ಪ್ರೇಕ್ಷಕರಿಗೆ ನಗೆಯ ಸರಕಾಗಿ ಮಾತ್ರ ಉಳಿದಿವೆ ಎಂದು ಲೇಖಕರು ತೀರ್ಮಾನಿಸಿದ್ದಾರೆ. ಆ ಪಟ್ಟಿಯಲ್ಲಿ ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ ಎಂಬ 1956ರ ಚಿತ್ರದ ಹೆಸರೂ ಇದ್ದುದರಿಂದ ಈ ಪತ್ರ ಬರೆಯಬೇಕಾಯಿತು. ನಾನು ಆ ಚಿತ್ರವನ್ನು ಬಹಳ ವರ್ಷಗಳ ಅಂತರದಲ್ಲಿ ಎರಡು ಸಲ ನೋಡಿದ್ದೆ. ಲೇಖನ ಓದಿದ ಮೇಲೆ, ನನ್ನ ನೆನಪೇ ತಪ್ಪಿರಬಹುದೇನೋ ಎಂಬ ಅನುಮಾನದಿಂದ ಮೂರನೆಯ ಸಲ ನೋಡಿದೆ. ಆ ಎಂಬತ್ತು ನಿಮಿಷಗಳಲ್ಲಿ ನಗು ಬರಲಿಲ್ಲ. ಹಿಂದಿನ ಎರಡು ಸಲಕ್ಕಿಂತ ಹೆಚ್ಚು ಕಳವಳವೇ ಆಯಿತು.

ಚಿತ್ರ ಕಡಿಮೆ ಹಣದ್ದು ಎಂಬುದು ನಿಜ. ಅದನ್ನು ತಯಾರಿಸಿದ ಅಲೈಡ್ ಆರ್ಟಿಸ್ಟ್ಸ್ ಸಂಸ್ಥೆ ಮೊದಲು ಮೊನೊಗ್ರಾಮ್ ಎಂಬ ಹೆಸರಿನಲ್ಲಿ ಅಗ್ಗದ ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯುತ್ತಿದ್ದ ಸಂಸ್ಥೆ. ಇದಕ್ಕೆ ಖರ್ಚಾದದ್ದು ನಾಲ್ಕು ಲಕ್ಷ ಡಾಲರಿನ ಆಸುಪಾಸು. 1955ರ ವಸಂತದಲ್ಲಿ ಕೆಲವೇ ವಾರಗಳಲ್ಲಿ ಚಿತ್ರೀಕರಣ ಮುಗಿಯಿತು. ದೊಡ್ಡ ತಾರೆಯರಿಲ್ಲ, ಬಣ್ಣವಿಲ್ಲ. ಆದರೆ ಕೆಲಸ ಮಾಡಿದವರು ಕಸುಬು ಬಲ್ಲವರು. ನಿರ್ದೇಶಕ ಡಾನ್ ಸೀಗೆಲ್ ವಾರ್ನರ್ ಬ್ರದರ್ಸ್ ಸಂಸ್ಥೆಯಲ್ಲಿ ಚೂರು ಚೂರು ದೃಶ್ಯಗಳನ್ನು ಜೋಡಿಸುವ ಮೊಂಟಾಜ್ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು, ಒಂದೊಂದು ಚೂರು ಫಿಲ್ಮಿಗೂ ಲೆಕ್ಕವಿಡುವುದನ್ನು ಕಲಿತವರು. ಚಿತ್ರಕಥೆ ಬರೆದ ಡೇನಿಯಲ್ ಮೇನ್‌ವೇರಿಂಗ್ ಅಪರಾಧ ಕಥೆಗಳಲ್ಲಿ ಪಳಗಿದ ಕೈ. ನಿರ್ಮಾಪಕ ವಾಲ್ಟರ್ ವ್ಯಾಂಗರ್ ದೊಡ್ಡ ಸ್ಟುಡಿಯೋಗಳ ವೈಭವವನ್ನೂ ಕಂಡಿದ್ದರು, ಗುಂಡು ಹಾರಿಸಿದ ಒಂದು ಪ್ರಕರಣದಲ್ಲಿ ಸೆರೆವಾಸವನ್ನೂ ಕಂಡಿದ್ದರು. ಆ ಅನುಭವದ ಹಿನ್ನೆಲೆಯಲ್ಲಿಯೇ ಅವರು 1954ರಲ್ಲಿ ಸೀಗೆಲ್ ಅವರಿಂದ ಜೈಲು ದಂಗೆಯ ಒಂದು ಗಂಭೀರ ಚಿತ್ರವನ್ನು ಇದೇ ಸಂಸ್ಥೆಗಾಗಿ ಮಾಡಿಸಿದ್ದರು. ಕಡಿಮೆ ಹಣ ಎಂದರೆ ಕಡಿಮೆ ಶ್ರದ್ಧೆ ಎಂದು ತಿಳಿದವರು ಇವರಲ್ಲಿ ಯಾರೂ ಇರಲಿಲ್ಲ.

ಕಥೆಯ ಮೂಲ, ಜಾಕ್ ಫಿನ್ನಿ 1954ರ ಕೊನೆಯಲ್ಲಿ ‘ಕಾಲಿಯರ್ಸ್’ ಪತ್ರಿಕೆಗೆ ಬರೆದ ಧಾರಾವಾಹಿ. ಚಿತ್ರದಲ್ಲಿ ಅದು ಕ್ಯಾಲಿಫೋರ್ನಿಯಾದ ಸಾಂಟಾ ಮೀರಾ ಎಂಬ ಕಲ್ಪಿತ ಊರಿನಲ್ಲಿ ನಡೆಯುತ್ತದೆ. ವೈದ್ಯ ಮೈಲ್ಸ್ ಬೆನೆಲ್ ಸಮ್ಮೇಳನವೊಂದನ್ನು ಮುಗಿಸಿ ಊರಿಗೆ ಮರಳಿದಾಗ ವಿಚಿತ್ರ ದೂರೊಂದು ಅವನಿಗಾಗಿ ಕಾದಿರುತ್ತದೆ. ಒಬ್ಬ ಹುಡುಗ ತನ್ನ ತಾಯಿ ತಾಯಿಯೇ ಅಲ್ಲ ಎಂದು ಹೆದರಿ ರಸ್ತೆಗೆ ಓಡುತ್ತಾನೆ. ವಿಲ್ಮಾ ಎಂಬ ಹೆಂಗಸು ತನ್ನನ್ನು ಸಾಕಿದ ಮಾವ ಐರಾ ಈಗ ಐರಾ ಅಲ್ಲ ಎನ್ನುತ್ತಾಳೆ. ಮೈಲ್ಸ್ ಹೋಗಿ ನೋಡಿದರೆ ಆ ಮುದುಕ ಎಂದಿನಂತೆ ಅಂಗಳದ ಹುಲ್ಲು ಕತ್ತರಿಸುತ್ತಿರುತ್ತಾನೆ. ಅದೇ ಧ್ವನಿ, ಅದೇ ನಡಿಗೆ, ಅವೇ ಹಳೆಯ ನೆನಪುಗಳು. ಹಾಗಾದರೆ ಯಾವುದು ಬದಲಾಗಿದೆ ಎಂದು ಕೇಳಿದಾಗ ವಿಲ್ಮಾ ಕೊಡುವ ಉತ್ತರ ಇಡೀ ಚಿತ್ರದ ಬೀಜ: ತನ್ನೊಡನೆ ಮಾತನಾಡುವಾಗ ಅವನ ಕಣ್ಣಿನಲ್ಲಿ ಒಂದು ವಿಶೇಷವಾದ ನೋಟ ಇರುತ್ತಿತ್ತು, ಅದು ಈಗ ಇಲ್ಲ.

ಈ ದೂರನ್ನು ಯಾವ ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಸಾಧ್ಯ? ಯಾವ ಪೊಲೀಸ್ ಠಾಣೆ ಇದನ್ನು ದಾಖಲಿಸಿಕೊಂಡೀತು? ಫ್ರಾನ್ಸಿನ ಮನೋವೈದ್ಯ ಜೋಸೆಫ್ ಕಾಪ್‌ಗ್ರಾ 1923ರಲ್ಲಿ ಸಹೋದ್ಯೋಗಿಯೊಬ್ಬರೊಂದಿಗೆ ವಿವರಿಸಿದ ಒಂದು ಮನೋರೋಗವಿದೆ. ಅದಕ್ಕೆ ತುತ್ತಾದವರು ತಮ್ಮ ಗಂಡನನ್ನೋ ಮಗಳನ್ನೋ ನೋಡಿ, ಮುಖ ಅದೇ ಆದರೂ ಒಳಗಿರುವವರು ಬೇರೆ ಎಂದು ದೃಢವಾಗಿ ನಂಬುತ್ತಾರೆ. ಚಿತ್ರದಲ್ಲಿನ ಮನೋವೈದ್ಯ ಕಾಫ್‌ಮನ್ ಊರಿನಲ್ಲಿ ಹಬ್ಬುತ್ತಿರುವುದು ಒಂದು ಬಗೆಯ ಸಾಮೂಹಿಕ ಉನ್ಮಾದ ಎಂದು ಹೇಳಿದಾಗ ಆ ಮಾತು ಸಮಂಜಸವಾಗಿಯೇ ಕೇಳುತ್ತದೆ. ಮೊದಲ ಅರ್ಧದ ಬಿಗಿ ಇರುವುದು ಅಲ್ಲಿಯೇ. ಪ್ರೇಕ್ಷಕರಾದ ನಾವು ವೈದ್ಯರ ಪಕ್ಷದಲ್ಲಿ ನಿಂತು, ದೂರುವವರಿಗೆ ಸಮಾಧಾನ ಹೇಳುವ ಜಾಗದಲ್ಲಿರುತ್ತೇವೆ. ಕೆಲವೇ ದಿನಗಳಲ್ಲಿ ಅದೇ ವಿಲ್ಮಾ, ಎಲ್ಲವೂ ಸರಿಹೋಯಿತು, ತಲೆಕೆಡಿಸಿಕೊಳ್ಳಬೇಡಿ ಎಂದು ನಗುತ್ತ ಹೇಳುತ್ತಾಳೆ. ಆ ನಗುವನ್ನು ಎರಡನೆಯ ಸಲ ನೋಡುವವರಿಗೆ ಮೈ ತಣ್ಣಗಾಗುತ್ತದೆ. ಮೊದಲ ಸಲ ನಾವೂ ಆ ಮಾತನ್ನು ನಂಬಿ ನಿರಾಳವಾಗಿದ್ದೆವಲ್ಲ ಎಂಬ ಅರಿವಿನಿಂದ.

ನಡೆದಿರುವುದೇನೆಂದರೆ, ಅಂತರಿಕ್ಷದಿಂದ ತೇಲಿಬಂದ ಬೀಜಗಳು ಹೊಲದಲ್ಲಿ ಬೇರೂರಿ ಬೀಜದ ಕಾಯಿಯಂಥ ದೊಡ್ಡ ಕೋಶಗಳನ್ನು ಬಿಡುತ್ತಿವೆ, ಪ್ರತಿಯೊಂದು ಕೋಶವೂ ಹತ್ತಿರವಿರುವ ಮನುಷ್ಯನ ಪ್ರತಿರೂಪವನ್ನು ಬೆಳೆಸುತ್ತದೆ, ಆ ಮನುಷ್ಯ ನಿದ್ದೆಹೋದಾಗ ಅವನ ನೆನಪುಗಳೆಲ್ಲ ಅದಕ್ಕೆ ಸೇರುತ್ತವೆ, ಎದ್ದು ಬರುವ ಆಕೃತಿಗೆ ಭಾವನೆಯೊಂದು ಬಿಟ್ಟು ಉಳಿದೆಲ್ಲವೂ ಇರುತ್ತದೆ.

ಲೇಖಕರು ಅಗ್ಗದ ತಂತ್ರಗಳ ಮಾತೆತ್ತಿದ್ದಾರೆ, ಆದ್ದರಿಂದ ಚಿತ್ರದಲ್ಲಿ ತಂತ್ರವೆಂದು ಕಾಣುವ ಭಾಗವನ್ನೇ ಗಮನಿಸೋಣ. ಅದು ಎರಡೇ ಎರಡು ಕಡೆ ಮುಖ್ಯವಾಗುತ್ತದೆ. ಮೊದಲನೆಯದು ಮೈಲ್ಸ್‌ನ ಗೆಳೆಯ ಜಾಕ್‌ನ ಮನೆಯಲ್ಲಿ, ಬಿಲಿಯರ್ಡ್ಸ್ ಮೇಜಿನ ಮೇಲೆ ಮಲಗಿರುವ ದೇಹ. ಅದು ಸತ್ತ ದೇಹವಲ್ಲ, ಇನ್ನೂ ಪೂರ್ಣವಾಗದ ದೇಹ. ಮುಖದಲ್ಲಿ ಗೆರೆಗಳಿಲ್ಲ, ಬೆರಳಿಗೆ ಮಸಿ ಹಚ್ಚಿ ಒತ್ತಿದರೆ ಗುರುತು ಮೂಡುವುದಿಲ್ಲ. ಜಾಕ್‌ನ ಅಂಗೈಗೆ ಗಾಜು ತಾಗಿ ಗಾಯವಾಗಿರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮೇಜಿನ ಮೇಲಿನ ಅಂಗೈಯಲ್ಲೂ ರಕ್ತ ಕಾಣಿಸುತ್ತದೆ. ಇದಕ್ಕೆ ಬೇಕಾದದ್ದು ಒಬ್ಬ ನಟ, ಒಂದು ಮೇಜು, ಮೇಲಿನಿಂದ ಇಳಿಬಿಟ್ಟ ದೀಪ. ಎರಡನೆಯದು ಗಿಡಗಳ ಗಾಜಿನ ಮನೆಯಲ್ಲಿ ಕೋಶಗಳು ಬಿರಿದು ನೊರೆಯ ನಡುವಿನಿಂದ ಆಕೃತಿಗಳು ಹೊರಬರುವ ದೃಶ್ಯ. ಇದಕ್ಕಾಗಿ ನಟನಟಿಯರ ಮೈ ಅಚ್ಚುಗಳನ್ನು ತೆಗೆಯಲಾಗಿತ್ತು. ಹಣದ ಮಟ್ಟಿಗೆ ಚಿತ್ರದ ಭಾರಿ ಸಾಹಸ ಇದೇ ಇರಬೇಕು.

ಆದರೆ ಆ ದೃಶ್ಯದಲ್ಲಿ ಮನಸ್ಸಿನಲ್ಲಿ ನಿಲ್ಲುವುದು ನೊರೆಯಲ್ಲ. ಮೈಲ್ಸ್ ಕವೆಗೋಲು ಹಿಡಿದು ಪ್ರತಿರೂಪಗಳನ್ನು ನಾಶಮಾಡಲು ನಿಲ್ಲುತ್ತಾನೆ. ಮೊದಲು, ತಾನು ಪ್ರೀತಿಸುವ ಬೆಕಿಯ ಪ್ರತಿರೂಪದ ಮೇಲೆ ಎತ್ತಿದ ಕೈ ಇಳಿಯುವುದಿಲ್ಲ. ಅದು ಬೆಕಿ ಅಲ್ಲವೆಂದು ಅವನಿಗೆ ಗೊತ್ತು, ಆದರೂ ಮುಖ ಅವಳದ್ದು. ಕೊನೆಗೆ ಪಕ್ಕದಲ್ಲಿರುವ ತನ್ನದೇ ಪ್ರತಿರೂಪಕ್ಕೆ ಚುಚ್ಚುತ್ತಾನೆ. ಪ್ರೀತಿಸುವವನಿಗೆ ಪ್ರೀತಿಸಿದವರ ಮುಖವೇ ತಡೆಯಾಗುತ್ತದೆ, ತನ್ನ ಮುಖ ಅಲ್ಲ. ಒಂದು ಮಾತೂ ಇಲ್ಲದೆ, ಒಂದು ಕೈ ಎತ್ತಿ ನಿಲ್ಲುವುದರಲ್ಲಿ ಸೀಗೆಲ್ ಇದನ್ನು ಹೇಳಿದ್ದಾರೆ. ಇದಕ್ಕೆ ಎಷ್ಟು ಡಾಲರ್ ಬೇಕು?

ರಾಕ್ಷಸನನ್ನು ಕಟ್ಟಲು ಹಣವಿಲ್ಲದ ಚಿತ್ರ ಮುಖಗಳನ್ನು ಆಶ್ರಯಿಸಿತು, ಹಗಲನ್ನು ಆಶ್ರಯಿಸಿತು. ಭೀತಿಯ ಚಿತ್ರಗಳು ಸಾಮಾನ್ಯವಾಗಿ ಕತ್ತಲೆಯಲ್ಲಿ ಅಡಗಿಸಿಡುವುದನ್ನು ಇದು ಶನಿವಾರದ ಬೆಳಗಿನ ಬಿಸಿಲಿನಲ್ಲಿ ಊರಿನ ಚೌಕದಲ್ಲಿ ಇಡುತ್ತದೆ. ಆ ಚೌಕವನ್ನು ಲಾಸ್ ಏಂಜಲೀಸ್ ಹತ್ತಿರದ ಸಿಯೆರಾ ಮಾದ್ರೆ ಎಂಬ ಪುಟ್ಟ ಊರಿನಲ್ಲಿ ಚಿತ್ರೀಕರಿಸಿದರು. ಇಡೀ ರಾತ್ರಿ ನಿದ್ದೆಗೆಟ್ಟು ತನ್ನ ಕಚೇರಿಯಲ್ಲಿ ಅಡಗಿರುವ ಮೈಲ್ಸ್ ಕಿಟಕಿಯಿಂದ ಕೆಳಗೆ ನೋಡುತ್ತಾನೆ. ಜನ ಎಂದಿನಂತೆ ಓಡಾಡುತ್ತಿದ್ದಾರೆ. ಬಸ್ಸು ಬರುತ್ತದೆ, ಹೊರಗಿನವರನ್ನು ಉಪಾಯವಾಗಿ ಕರೆದೊಯ್ಯಲಾಗುತ್ತದೆ. ಆಮೇಲೆ ಯಾರೂ ಕೂಗದೆ, ಯಾರೂ ಕೈಸನ್ನೆ ಮಾಡದೆ, ಎಲ್ಲರೂ ಒಟ್ಟಿಗೆ ಚೌಕದ ನಡುವಿಗೆ ಬರುತ್ತಾರೆ. ಲಾರಿಗಳು ಬಂದು ನಿಲ್ಲುತ್ತವೆ, ಕೋಶಗಳನ್ನು ಹಂಚಲಾಗುತ್ತದೆ, ಯಾವ ಊರಿನಲ್ಲಿ ಬಂಧುಗಳಿದ್ದಾರೋ ಅಲ್ಲಿಗೆ ಒಯ್ಯಿರಿ ಎಂಬ ಸೂಚನೆ ಧ್ವನಿವರ್ಧಕದಲ್ಲಿ ಕೇಳುತ್ತದೆ. ಧ್ವನಿಯಲ್ಲಿ ದ್ವೇಷದ ಲವಲೇಶವೂ ಇಲ್ಲ. ಪಡಿತರ ಹಂಚಿಕೆಗೆ ಇರುವಷ್ಟೇ ಗಾಂಭೀರ್ಯ. ಹಿಂದಿನ ರಾತ್ರಿ ಮೈಲ್ಸ್ ತನ್ನ ದಾದಿಯ ಮನೆಯ ಕಿಟಕಿಯಿಂದ ಇಣುಕಿ ನೋಡಿದ ದೃಶ್ಯ ಇನ್ನೂ ಕ್ರೂರ. ಒಳಗೆ ಪರಿಚಿತರೆಲ್ಲ ಸೇರಿದ್ದಾರೆ, ಒಬ್ಬನ ಕೈಯಲ್ಲಿ ಕೋಶವಿದೆ, ಮಗು ಮಲಗಿತೇ ಎಂದು ಒಬ್ಬರು ಕೇಳಿದರೆ, ಇನ್ನೇನು ಮಲಗುತ್ತದೆ, ಆಮೇಲೆ ಅಳುವೇ ಇರುವುದಿಲ್ಲ ಎಂದು ತಾಯಿ ಶಾಂತವಾಗಿ ಉತ್ತರಿಸುತ್ತಾಳೆ. ಈ ಮಾತಿಗೆ ನಕ್ಕ ಪ್ರೇಕ್ಷಕರನ್ನು ನಾನು ಇದುವರೆಗೆ ಕಂಡಿಲ್ಲ.

ಚಿತ್ರವನ್ನು ಹಗುರವಾಗಿ ನೋಡುವವರು ಒಂದು ಕಡೆಯಾದರೆ, ಅದನ್ನು ಒಂದೇ ವಾಕ್ಯದಲ್ಲಿ ಬಿಡಿಸಿ ಬದಿಗಿಡುವವರು ಇನ್ನೊಂದು ಕಡೆ. ಅದು ತಯಾರಾದ ಕಾಲವೇ ಅಂಥದು. 1947ರಿಂದ ಹಾಲಿವುಡ್ಡಿನಲ್ಲಿ ಕಮ್ಯುನಿಸ್ಟರೆಂಬ ಗುಮಾನಿಗೆ ಒಳಗಾದವರನ್ನು ವಿಚಾರಣೆಗೆ ಕರೆಯಲಾಗುತ್ತಿತ್ತು, ಹಲವರು ಕೆಲಸ ಕಳೆದುಕೊಂಡಿದ್ದರು. ಆ ಬೇಟೆಗೆ ತನ್ನ ಹೆಸರನ್ನೇ ಕೊಟ್ಟ ಸೆನೆಟರ್ ಜೋಸೆಫ್ ಮೆಕಾರ್ಥಿಯ ನಡವಳಿಕೆಯನ್ನು ಸೆನೆಟ್ ಅಧಿಕೃತವಾಗಿ ಖಂಡಿಸಿದ್ದು 1954ರ ಡಿಸೆಂಬರಿನಲ್ಲಿ, ಅಂದರೆ ಚಿತ್ರೀಕರಣಕ್ಕೆ ಕೆಲವೇ ತಿಂಗಳ ಮೊದಲು. (ಮೈಲ್ಸ್ ಪಾತ್ರ ಮಾಡಿದ ನಟ ಕೆವಿನ್ ಮೆಕಾರ್ಥಿಗೂ ಆ ಸೆನೆಟರಿಗೂ ಯಾವ ನಂಟೂ ಇಲ್ಲ.) ಹೀಗಾಗಿ ಕೋಶದ ಜನರು ಎಂದರೆ ಕಮ್ಯುನಿಸ್ಟರು ಎಂದು ಕೆಲವರು ಓದಿದರು, ಎಲ್ಲರೂ ಒಂದೇ ರೀತಿ ಯೋಚಿಸಬೇಕೆಂದು ಒತ್ತಾಯಿಸುವ ಮೆಕಾರ್ಥಿಯ ಅನುಯಾಯಿಗಳೇ ಅವರು ಎಂದು ಇನ್ನು ಕೆಲವರು ಓದಿದರು. ಒಂದಕ್ಕೊಂದು ಪೂರ್ತಿ ವಿರುದ್ಧವಾದ ಈ ಎರಡು ಅರ್ಥಗಳಿಗೂ ಚಿತ್ರ ಸಮನಾಗಿ ಒದಗುತ್ತದೆ ಎಂಬುದನ್ನು ನಾವು ಗಮನಿಸಬೇಕು. ಫಿನ್ನಿ ತಮ್ಮ ಕಥೆಯಲ್ಲಿ ರಾಜಕೀಯ ಸಂದೇಶವೇನೂ ಇರಲಿಲ್ಲ ಎಂದಿದ್ದರು. ಸೀಗೆಲ್ ಅವರಂತೂ ಕೋಶದ ಜನರು ಎಲ್ಲೆಲ್ಲೂ ಇದ್ದಾರೆಂದೂ ತಮ್ಮದೇ ಉದ್ಯಮದಲ್ಲಿ ಅಂಥವರಿಗೆ ಕೊರತೆಯಿಲ್ಲವೆಂದೂ ಭಾವಿಸಿದ್ದರು. ಕಾಲದ ಭಯ ಚಿತ್ರದೊಳಗೆ ಸೇರಿಲ್ಲ ಎಂದು ನಾನು ಹೇಳುವುದಿಲ್ಲ. ನೆರೆಯವನನ್ನು ನಂಬುವುದೋ ಬೇಡವೋ ಎಂಬ ಆ ದಶಕದ ತಳಮಳ ಪ್ರತಿ ದೃಶ್ಯದಲ್ಲೂ ಇದೆ. ಆದರೆ ರಾಜಕೀಯದ ಒಗಟೆಂದು ಬಿಡಿಸಿಟ್ಟ ಕೂಡಲೇ ಅದು 1956ಕ್ಕೆ ಸೇರಿದ ವಸ್ತುವಾಗಿ, ನಮ್ಮಿಂದ ದೂರವಾಗಿಬಿಡುತ್ತದೆ.

ನನಗೆ ಚಿತ್ರದ ತಿರುಳು ಸಿಕ್ಕುವುದು ಕಚೇರಿಯಲ್ಲಿ ಕಳೆಯುವ ಆ ರಾತ್ರಿಯಲ್ಲಿ. ನಿದ್ದೆ ಬಾರದಂತೆ ಮಾತ್ರೆ ನುಂಗಿ ಕೂತ ಮೈಲ್ಸ್ ಬೆಕಿಗೆ ಒಂದು ವಿಷಯ ಹೇಳುತ್ತಾನೆ: ತನ್ನ ವೃತ್ತಿಯಲ್ಲಿ ಜನರು ತಮ್ಮೊಳಗಿನ ಮನುಷ್ಯತ್ವ ಸೋರಿಹೋಗಲು ಬಿಟ್ಟಿರುವುದನ್ನು ತಾನು ನೋಡಿದ್ದೇನೆ, ಅದು ಒಂದೇ ರಾತ್ರಿಯಲ್ಲಿ ಆಗದೆ ನಿಧಾನವಾಗಿ ಆಗುತ್ತಿತ್ತು, ಅವರಿಗೆ ಅದರಿಂದ ಬೇಸರವೂ ಇದ್ದಂತೆ ಕಾಣಲಿಲ್ಲ. ನಮ್ಮೆಲ್ಲರ ಮನಸ್ಸೂ ಸ್ವಲ್ಪ ಸ್ವಲ್ಪವಾಗಿ ಕಲ್ಲಾಗುತ್ತದೆ ಎಂದೂ ಅವನು ಸೇರಿಸುತ್ತಾನೆ. ಹೀಗೆ ಹೇಳಿದ ಮೇಲೆ ಕೋಶಗಳು ಆಕಾಶದಿಂದ ಬಂದದ್ದೇ ಎಂಬ ಪ್ರಶ್ನೆಗೆ ಹೆಚ್ಚು ಬೆಲೆ ಉಳಿಯುವುದಿಲ್ಲ. ಬೆಳಗಾದಾಗ ಕಾಫ್‌ಮನ್ ಮತ್ತು ಜಾಕ್ ಬಾಗಿಲಿಗೆ ಬರುತ್ತಾರೆ, ಇಬ್ಬರೂ ಬದಲಾಗಿದ್ದಾರೆ. ಅವರು ಬೆದರಿಸುವುದಿಲ್ಲ, ಗೆಳೆತನದ ದನಿಯಲ್ಲೇ ಮನವೊಲಿಸುತ್ತಾರೆ. ಪ್ರೀತಿ, ಆಸೆ, ಮಹತ್ವಾಕಾಂಕ್ಷೆ, ನಂಬಿಕೆ ಇವಿಲ್ಲದಿದ್ದರೆ ಬದುಕು ಎಷ್ಟು ಸರಳ ಎಂಬುದು ಅವರ ವಾದ. ಕಾಫ್‌ಮನ್ ಪಾತ್ರದ ಲ್ಯಾರಿ ಗೇಟ್ಸ್ ಈ ಮಾತುಗಳನ್ನು ಆಡುವಾಗ ಅವು ದಣಿದ ಮನುಷ್ಯನಿಗೆ ಕೊಡುವ ಒಳ್ಳೆಯ ಸಲಹೆಯಂತೆ ಕೇಳಿಸುತ್ತವೆ. ಮೂರನೆಯ ಸಲ ನೋಡುವಾಗ ನನ್ನನ್ನು ಕಳವಳಗೊಳಿಸಿದ್ದು ಇದೇ: ಒಂದು ಕ್ಷಣ ಆ ಸಲಹೆ ನನಗೂ ಹಿತವೆನಿಸಿತು. ಯೌವನದಲ್ಲಿ ಹಾಗೆ ಎನಿಸಿರಲಿಲ್ಲ. ಪ್ರೀತಿಯಾಗಲಿ ದುಃಖವಾಗಲಿ ಚೆಲುವಾಗಲಿ ಇಲ್ಲದ ಲೋಕಕ್ಕಿಂತ ಸಾವು ಲೇಸು ಎನ್ನುವ ಬೆಕಿಯ ಮಾತನ್ನು ಆಗ ನಾಟಕೀಯವೆಂದುಕೊಂಡಿದ್ದೆ. ಈಗ ಅದು ಚಿತ್ರದಲ್ಲಿ ಎಲ್ಲಕ್ಕಿಂತ ನಿಷ್ಠುರವಾದ ಮಾತೆಂದು ತೋರುತ್ತದೆ.

ದೋಷಗಳಿಲ್ಲವೆಂದಲ್ಲ. ಕಾರ್ಮೆನ್ ಡ್ರಾಗನ್ ಅವರ ಸಂಗೀತ ಅನೇಕ ಕಡೆ ಅಬ್ಬರಿಸುತ್ತದೆ. ಮುಖಗಳೇ ಸಾಕಾಗಿದ್ದ ಜಾಗದಲ್ಲಿ ಕಹಳೆ ಮೊಳಗುತ್ತದೆ. ಕೋಶಗಳ ನಿಯಮವೂ ಒಂದೇ ಆಗಿ ಉಳಿಯುವುದಿಲ್ಲ. ಮೊದಲು ಪ್ರತಿರೂಪ ಬೇರೆಡೆ ಬೆಳೆದು ಮನುಷ್ಯನ ಜಾಗಕ್ಕೆ ಬರುತ್ತದೆ. ಕೊನೆಯಲ್ಲಿ ಬೆಕಿ ಹತ್ತಿರದಲ್ಲಿ ಯಾವ ಕೋಶವೂ ಕಾಣದೆ, ತಾನು ಮಲಗಿದ್ದಲ್ಲಿಯೇ ಬದಲಾಗುತ್ತಾಳೆ. ತರ್ಕಕ್ಕೆ ಇದು ಒಗ್ಗುವುದಿಲ್ಲ. ಲೇಖಕರು ಇದನ್ನು ಎತ್ತಿ ತೋರಿಸಿದ್ದರೆ ನಾನು ಒಪ್ಪುತ್ತಿದ್ದೆ.

ಆದರೆ ಅತಿ ದೊಡ್ಡ ದೋಷ ಸೀಗೆಲ್ ಅವರದ್ದಲ್ಲ, ಮತ್ತು ಈ ಪತ್ರದ ಮುಖ್ಯ ಕಾರಣವೂ ಅದೇ. ಅವರು ಯೋಜಿಸಿದ ಚಿತ್ರ ಮೈಲ್ಸ್ ಊರಿಗೆ ಮರಳುವುದರಿಂದ ಆರಂಭವಾಗಿ, ಹೆದ್ದಾರಿಯಲ್ಲಿ ಅವನು ಕೂಗುವುದರೊಂದಿಗೆ ಮುಗಿಯುತ್ತಿತ್ತು. ಅದು ತೀರ ನಿರಾಶಾದಾಯಕವೆಂದು ಸಂಸ್ಥೆ ಅಂಜಿತು. ಆಗ ಮುಂದೊಂದು, ಹಿಂದೊಂದು ದೃಶ್ಯವನ್ನು ಸೇರಿಸಲಾಯಿತು: ಆರಂಭದಲ್ಲಿ ಹುಚ್ಚನಂತೆ ಕಾಣುವ ಮೈಲ್ಸ್‌ನನ್ನು ಆಸ್ಪತ್ರೆಗೆ ತರುತ್ತಾರೆ, ಅವನು ವೈದ್ಯರೊಬ್ಬರಿಗೆ ತನ್ನ ಕಥೆ ಹೇಳುತ್ತಾನೆ; ಕೊನೆಯಲ್ಲಿ ಸಾಂಟಾ ಮೀರಾದಿಂದ ಬಂದ ಲಾರಿಯೊಂದು ಅಪಘಾತಕ್ಕೀಡಾಗಿ, ಅದರ ಚಾಲಕನನ್ನು ವಿಚಿತ್ರ ಕೋಶಗಳ ಅಡಿಯಿಂದ ತೆಗೆಯಬೇಕಾಯಿತೆಂಬ ಸುದ್ದಿ ಬರುತ್ತದೆ, ವೈದ್ಯರು ತಕ್ಷಣ ಎಫ್‌ಬಿಐಗೆ ಕರೆ ಮಾಡುತ್ತಾರೆ. ಸೀಗೆಲ್ ಇದನ್ನು ವಿರೋಧಿಸಿದ್ದರು. ಆದರೂ ಬೇರೆ ಯಾರೋ ಕೆಡಿಸುವ ಬದಲು ತಾವೇ ಮಾಡುವುದು ಮೇಲೆಂಬಂತೆ ಆ ದೃಶ್ಯಗಳನ್ನು ತಾವೇ ಚಿತ್ರೀಕರಿಸಿದರು. ಹೆಸರಿನ ವಿಷಯದಲ್ಲೂ ಹೀಗೆಯೇ ಆಯಿತು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದಿಂದ ಎತ್ತಿಕೊಂಡ, ‘ಇನ್ನು ನಿದ್ದೆಯಿಲ್ಲ’ ಎಂಬ ಅರ್ಥದ ಹೆಸರು ಸೀಗೆಲ್ ಅವರಿಗೆ ಒಪ್ಪಿಗೆಯಾಗಿತ್ತು, ಸಂಸ್ಥೆ ಒಪ್ಪಲಿಲ್ಲ.

ಸೇರಿಸಿದ ಆ ಚೌಕಟ್ಟು ಮಾಡುವ ಹಾನಿ ಚಿಕ್ಕದಲ್ಲ. ಕಥೆ ಆರಂಭವಾಗುವ ಮೊದಲೇ ಮೈಲ್ಸ್ ತಪ್ಪಿಸಿಕೊಂಡು ಬಂದಿದ್ದಾನೆಂದು ನಮಗೆ ತಿಳಿದುಬಿಡುತ್ತದೆ. ವಿಲ್ಮಾಳ ದೂರನ್ನು ಅನುಮಾನಿಸುವ ಅವಕಾಶವೇ ನಮಗೆ ಅರ್ಧ ಕಳೆದುಹೋಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಇಡೀ ಚಿತ್ರದಲ್ಲಿ ಯಾವ ಫೋನು ಎತ್ತಿದರೂ ಆಚೆ ತುದಿಯಲ್ಲಿ ಕೋಶದವರೇ ಇರಬಹುದೆಂಬ ಭಯವನ್ನು ಕಟ್ಟಿ, ಕೊನೆಗೆ ಒಂದು ಫೋನು ಎಲ್ಲವನ್ನೂ ಸರಿಪಡಿಸುತ್ತದೆ ಎಂದರೆ ಯಾರು ನಂಬುತ್ತಾರೆ? ಫಿನ್ನಿಯ ಮೂಲ ಕಥೆಯ ಕೊನೆಯೂ ಆಶಾದಾಯಕವೇ, ಮನುಷ್ಯರ ಹಟಕ್ಕೆ ಸೋತು ಕೋಶಗಳು ಭೂಮಿಯನ್ನು ಬಿಟ್ಟು ಹೋಗುತ್ತವೆ; ಆದರೆ ಆ ಆಶೆಯನ್ನು ಪಾತ್ರಗಳು ಹೋರಾಡಿ ಪಡೆಯುತ್ತವೆ. ಚಿತ್ರದ ಆಶೆ ಬರುವುದು ಆಕಸ್ಮಿಕ ಅಪಘಾತದಿಂದ. ತಮ್ಮ ಲೇಖಕರು ಚಿತ್ರದ ಅಂತ್ಯವನ್ನು ಬಾಲಿಶವೆಂದು ಕರೆದಿದ್ದಾರೆ. ಅದು ಸೇರಿಸಿದ ಅಂತ್ಯವೆಂಬ ಒಂದು ವಾಕ್ಯ ಅಲ್ಲಿ ಇರಬೇಕಾಗಿತ್ತು.

ಇದೇ ಕಥೆಯನ್ನು ಮುಂದೆ 1978, 1993 ಮತ್ತು 2007ರಲ್ಲಿ ಮತ್ತೆ ಮತ್ತೆ ಚಿತ್ರವಾಗಿಸಿದರು. ಫಿಲಿಪ್ ಕಾಫ್‌ಮನ್ ನಿರ್ದೇಶಿಸಿದ 1978ರ ಚಿತ್ರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯುತ್ತದೆ, ನೋಡಲು ಅರ್ಹವಾದದ್ದು. ಅದರಲ್ಲಿ ಮುದುಕನಾದ ಕೆವಿನ್ ಮೆಕಾರ್ಥಿ ಇನ್ನೂ ರಸ್ತೆಯಲ್ಲಿ ಕೂಗುತ್ತ ಓಡುತ್ತಿರುತ್ತಾನೆ, ಸೀಗೆಲ್ ಟ್ಯಾಕ್ಸಿ ಚಾಲಕನ ಪಾತ್ರದಲ್ಲಿದ್ದಾರೆ. ಮೊದಲ ಚಿತ್ರವನ್ನು 1994ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ, ಕಾಪಿಡಬೇಕಾದ ಕೃತಿಯೆಂದು ಸೇರಿಸಿಕೊಂಡರು.

ತಾವು ಈ ಪತ್ರವನ್ನು ಪ್ರಕಟಿಸುವುದಾದರೆ, ಚಿತ್ರವನ್ನು ಮೊದಲ ಸಲ ನೋಡಲಿರುವ ಓದುಗರಿಗೆ ಒಂದು ಸೂಚನೆ ತಲುಪಲಿ ಎಂದು ಕೋರುತ್ತೇನೆ. ಆಸ್ಪತ್ರೆಯ ಆರಂಭದ ದೃಶ್ಯವನ್ನು ದಾಟಿಸಿ, ರೈಲಿನಿಂದ ಮೈಲ್ಸ್ ಇಳಿಯುವಲ್ಲಿಂದ ನೋಡಲು ತೊಡಗಿ. ಅವನೂ ಬೆಕಿಯೂ ಬೆಟ್ಟ ಹತ್ತಿ ಓಡಿ ಗುಹೆಯೊಂದರಲ್ಲಿ ಅಡಗುತ್ತಾರೆ. ದೂರದಿಂದ ಹಾಡೊಂದು ಕೇಳಿಬರುತ್ತದೆ. ಹಾಡು ಇದ್ದಲ್ಲಿ ಮನುಷ್ಯರಿರಬೇಕೆಂದು ನಂಬಿ ಮೈಲ್ಸ್ ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿರುವುದು ಕೋಶಗಳ ಹೊಲ, ಹಾಡು ರೇಡಿಯೋದಿಂದ ಬಂದದ್ದು, ಯಾರೋ ಒಬ್ಬ ಅದನ್ನು ಆರಿಸುತ್ತಾನೆ. ಮರಳಿ ಬಂದಾಗ ಬೆಕಿ ನಿದ್ದೆಯ ಅಂಚಿನಲ್ಲಿದ್ದಾಳೆ. ಅವಳನ್ನು ಎತ್ತಿಕೊಂಡು ಬಂದು ಮುತ್ತಿಡುತ್ತಾನೆ, ಅವಳು ಕಣ್ಣು ತೆರೆಯುತ್ತಾಳೆ. ಕ್ಯಾಮೆರಾ ಬೆಕಿ ಪಾತ್ರದ ಡಾನಾ ವಿಂಟರ್ ಅವರ ಮುಖಕ್ಕೆ ತೀರ ಹತ್ತಿರವಿದೆ, ಮುಖದಲ್ಲಿ ಏನೂ ಬದಲಾಗಿಲ್ಲ, ನೋಟ ಮಾತ್ರ ಇಲ್ಲ. ವಿಲ್ಮಾ ಆರಂಭದಲ್ಲಿ ಹೇಳಿದ್ದನ್ನು ನಾವು ಈಗ ನಮ್ಮ ಕಣ್ಣಿನಿಂದಲೇ ನೋಡುತ್ತೇವೆ. ಅಲ್ಲಿಂದ ಮೈಲ್ಸ್ ಓಡಿ ರಾತ್ರಿಯ ಹೆದ್ದಾರಿಗೆ ಬೀಳುತ್ತಾನೆ, ಕಾರುಗಳ ನಡುವೆ ಕೈಬೀಸುತ್ತಾನೆ, ಹಾದುಹೋಗುವ ಲಾರಿಯನ್ನು ಹತ್ತಿದರೆ ಅದರ ತುಂಬ ಕೋಶಗಳು. ಕೆಳಗಿಳಿದು ನೇರವಾಗಿ ನಮ್ಮ ಕಡೆ ತಿರುಗಿ, ಮುಂದಿನ ಸರದಿ ನಿಮ್ಮದೇ ಎಂದು ಕೂಗುತ್ತಾನೆ. ದಯವಿಟ್ಟು ಅಲ್ಲಿಗೆ ಚಿತ್ರವನ್ನು ನಿಲ್ಲಿಸಿ.

ಇತಿ,
ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗರೊಬ್ಬರು